ಬಾಡಿಗೆಯ ಎದೆಹಾಲು ಪಂಪು ಮತ್ತು ನನ್ನ ಎಡಗಡೆಯ 30 ಮಿ.ಲೀ.

ಎರಡೂ ಎದೆಗಳಿಂದ ಒಮ್ಮೆಗೇ ಹಾಲು ತೆಗೆಯುವ ವಿದ್ಯುತ್ ಪಂಪೊಂದನ್ನು ಮೈಸೂರಿನ ವೈದ್ಯಕೀಯ ಉಪಕರಣಗಳ ಅಂಗಡಿಯೊಂದರಿಂದ ಮೂರು ತಿಂಗಳ ಮಟ್ಟಿಗೆ ಬಾಡಿಗೆಗೆ ತಂದಿದ್ದೆ. ಆ ಯಂತ್ರದ ಬಗ್ಗೆ, ಅದನ್ನು ಕೊಟ್ಟ ಅಂಗಡಿಯ ಬಗ್ಗೆ ಮತ್ತು ನಡುವೆ ಒಮ್ಮೆ ಮನೆಗೆ ಬಂದು ಹೋದ ಹಾಲೂಡಿಕೆ ಸಲಹೆಗಾರ್ತಿಯ ಸೇವೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನಾಗಲಿ ಪಂಪಿನ ಕಂಪನಿಯನ್ನಾಗಲಿ ಹೇಳುವುದಿಲ್ಲ. ನನಗೆ ಎದುರಾದ ತೊಡಕು ಈ ಬಗೆಯ ಯಾವ ಪಂಪಿನಲ್ಲಾದರೂ ಎದುರಾಗಬಹುದಾದದ್ದು. ತೊಡಕು ಇಷ್ಟೇ: ಬಲಗಡೆಯ ಬಾಟಲಿಯಲ್ಲಿ 90 ಮಿ.ಲೀ. ತುಂಬುವ ಹೊತ್ತಿಗೆ ಎಡಗಡೆಯದು 30 ಮಿ.ಲೀ. ದಾಟುತ್ತಿರಲಿಲ್ಲ. ನನ್ನ ಎಡ ಎದೆಯೇ ಸೋತಿದೆ ಎಂದು ಹನ್ನೆರಡು ದಿನ ನಂಬಿಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿ ನೋಡಿದಾಗ, ಆ ವ್ಯತ್ಯಾಸದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಯಂತ್ರದ್ದೇ ಆಗಿತ್ತು.

ಪಂಪು ಬೇಕಾದದ್ದು ಕೆಲಸಕ್ಕೆ ಮರಳಬೇಕಾಗಿದ್ದರಿಂದ. ನಾನು ಮಂಡ್ಯದ ಕಾಲೇಜೊಂದರಲ್ಲಿ ಉಪನ್ಯಾಸಕಿ, ಮನೆ ಮೈಸೂರಿನಲ್ಲಿ. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಿಕ್ಕಿದ್ದ 26 ವಾರಗಳ ರಜೆಯಲ್ಲಿ ನಾಲ್ಕು ವಾರ ಹೆರಿಗೆಗೆ ಮೊದಲೇ ಕಳೆದಿದ್ದವು, ಆದ್ದರಿಂದ ಮಗಳಿಗೆ ಐದು ತಿಂಗಳು ತುಂಬುವಷ್ಟರಲ್ಲಿ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಐದೂವರೆಗೆ ಹಿಂದಿರುಗುವ ದಿನಚರಿ ಮತ್ತೆ ಶುರುವಾಗಬೇಕಿತ್ತು. ಆರು ತಿಂಗಳವರೆಗೆ ಎದೆಹಾಲನ್ನಷ್ಟೇ ಕೊಡಬೇಕೆಂಬುದು ನನ್ನ ಹಟವೂ ಹೌದು, ವೈದ್ಯರು ಹೇಳುವುದೂ ಅದನ್ನೇ. ಒಂದರಿಂದ ಆರು ತಿಂಗಳ ಮಕ್ಕಳು ಕುಡಿಯುವ ಹಾಲು ದಿನಕ್ಕೆ ಸರಾಸರಿ 788 ಗ್ರಾಂ ಎಂದು ಒಂದು ಅಧ್ಯಯನದಲ್ಲಿ ಓದಿದ್ದೆ. ಅದನ್ನು 24ರಿಂದ ಭಾಗಿಸಿದರೆ ಗಂಟೆಗೆ ಸುಮಾರು 33 ಮಿ.ಲೀ. ಆಗುತ್ತದೆ; ನಾನಿಲ್ಲದ ಒಂಬತ್ತೂವರೆ ಗಂಟೆಗೆ ಸುಮಾರು 310 ಮಿ.ಲೀ. ಬೇಕು. ಈ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ ಮೇಲೆಯೇ ಅಂಗಡಿಗೆ ಹೋದದ್ದು.

ಹೊಸ ಪಂಪಿನ ಬೆಲೆಯನ್ನು ನೋಡಿದರೆ, ಕೆಲವು ತಿಂಗಳ ಬಳಕೆಗೆ ಬಾಡಿಗೆಯೇ ವಾಸಿ. ತಿಂಗಳಿಗೆ 1,800 ರೂಪಾಯಿ ಬಾಡಿಗೆ, 5,000 ರೂಪಾಯಿ ಠೇವಣಿ. ಬಾಡಿಗೆಗೆ ಬರುವುದು ಮೋಟಾರು ಮಾತ್ರ. ಮೈಗೂ ಹಾಲಿಗೂ ತಾಗುವ ಭಾಗಗಳನ್ನು, ಎಂದರೆ ಎದೆಗೆ ಒತ್ತಿ ಹಿಡಿಯುವ ಆಲಿಕೆ, ವಾಲ್ವು, ಕೊಳವೆ ಮತ್ತು ಬಾಟಲಿಗಳ ಕಿಟ್ಟನ್ನು ಪ್ರತಿಯೊಬ್ಬರೂ ಹೊಸದಾಗಿಯೇ ಕೊಳ್ಳಬೇಕು. ಹಾಲು ಮೋಟಾರಿನೊಳಕ್ಕೆ ಹೋಗದಂತೆ ನಡುವೆ ಪೊರೆಯೊಂದು ಅಡ್ಡವಿರುವ ಮುಚ್ಚಿದ ಬಗೆಯ ಪಂಪಾದರೆ ಮಾತ್ರ ಹೀಗೆ ಒಬ್ಬರು ಬಳಸಿದ ಮೋಟಾರನ್ನು ಇನ್ನೊಬ್ಬರು ಬಳಸುವುದು ಸರಿ. ಇದು ಆ ಬಗೆಯದೆಂಬುದನ್ನು ಅಂಗಡಿಯವರು ಪೊರೆಯನ್ನು ಬಿಚ್ಚಿ ತೋರಿಸಿಯೇ ಖಾತ್ರಿಪಡಿಸಿದರು. ಅದು ಅವರ ಒಳ್ಳೆಯತನ. ಆದರೆ ನನ್ನ ಕಿಟ್ಟಿನ ಪೊಟ್ಟಣದ ಅಂಟು ಅದಾಗಲೇ ಬಿಚ್ಚಿತ್ತು. ಕೇಳಿದ್ದಕ್ಕೆ, ಎಲ್ಲ ಭಾಗಗಳೂ ಇವೆಯೇ ಎಂದು ನೋಡಲು ತಾವೇ ತೆರೆದದ್ದಾಗಿ ಹೇಳಿದರು. ನಾನೂ ಒಪ್ಪಿಕೊಂಡು 1,400 ರೂಪಾಯಿ ಕೊಟ್ಟೆ. ಅಲ್ಲಿ ಒಪ್ಪಿಕೊಳ್ಳಬಾರದಿತ್ತು.

ಅಂಗಡಿಯಲ್ಲಿ ಇನ್ನೊಂದು ಮಾತೂ ನಡೆಯಿತು. ಒಂದು ಕಡೆ ಹಾಲು ಕಡಿಮೆಯೆಂದು ಮಗು ಕುಡಿಯುವಾಗಲೇ ನನಗೆ ಅನ್ನಿಸುತ್ತಿತ್ತೆಂದು ನಾನು ಬಾಯಿ ಬಿಟ್ಟದ್ದೇ ತಡ, ಗಲ್ಲಾಪೆಟ್ಟಿಗೆಯ ಬಳಿ ಇದ್ದವರು ಹಾಲಿನ ಪುಡಿಯ ಡಬ್ಬಿಯೊಂದನ್ನು ಮುಂದಿಟ್ಟು, ಜೊತೆಗೊಂದು ಬಾಟಲಿಯನ್ನು ಉಚಿತವಾಗಿ ಕೊಡುವುದಾಗಿ ಹೇಳಿದರು. ಶಿಶುಗಳ ಹಾಲಿನ ಪುಡಿ ಮತ್ತು ಹಾಲೂಡಿಸುವ ಬಾಟಲಿಗಳ ಪ್ರಚಾರವನ್ನು ತಡೆಯಲೆಂದೇ 1992ರಿಂದ ಈ ದೇಶದಲ್ಲಿ ಕಾನೂನಿದೆ ಎಂಬುದನ್ನು ಅವರಿಗೆ ನೆನಪಿಸುವಷ್ಟು ಧೈರ್ಯ ಆ ದಿನ ನನ್ನಲ್ಲಿರಲಿಲ್ಲ. ಡಬ್ಬಿಯನ್ನು ಹಿಂದಕ್ಕೆ ಸರಿಸಿ ಪಂಪನ್ನು ಮಾತ್ರ ಎತ್ತಿಕೊಂಡು ಬಂದೆ.

ಪಂಪಿನ ಕೆಲಸ ಎರಡು ಹಂತದ್ದು. ಮೊದಲ ಎರಡು ನಿಮಿಷ ಮಗುವು ತೊಟ್ಟನ್ನು ಹಿಡಿದ ಕೂಡಲೇ ಚುರುಕಾಗಿ ಚೀಪುವ ಹಾಗೆ ಹಗುರವಾಗಿ, ಬೇಗಬೇಗ ಎಳೆಯುತ್ತದೆ. ಹಾಲು ಇಳಿಯತೊಡಗಿದ ಮೇಲೆ ನಿಧಾನವಾಗಿ, ಆಳವಾಗಿ ಎಳೆಯುತ್ತದೆ. ಎಳೆತದ ಬಲಕ್ಕೆ ಒಂಬತ್ತು ಮಟ್ಟಗಳಿವೆ. ಹೆಚ್ಚಿನ ಮಟ್ಟಕ್ಕೆ ಹೆಚ್ಚು ಹಾಲು ಎಂದು ನಾನು ಮೂರನೆಯ ದಿನ ಎಂಟಕ್ಕೇರಿಸಿ ನೋವು ತಿಂದೆ. ನೋವಾದರೆ ಹಾಲಿನ ಇಳಿತವೇ ತಡೆಯುತ್ತದೆಯಾದ್ದರಿಂದ, ನೋಯದೆ ತಾಳುವ ಗರಿಷ್ಠ ಮಟ್ಟವೇ ಸರಿಯಾದ ಮಟ್ಟ. ನನಗೆ ಅದು ಐದು. ಈ ವಿಷಯದಲ್ಲಿ ಯಂತ್ರದ ಮೇಲೆ ನನ್ನ ದೂರಿಲ್ಲ. ಎರಡೂ ಕಡೆ ಒಟ್ಟಿಗೆ ತೆಗೆಯುವುದರಿಂದ ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ನಿಲ್ಲುವುದಿಲ್ಲ, ಸದ್ದು ಮಾತ್ರ ಇದೆ. ನಸುಕಿನ ಐದೂವರೆಗೆ ನಾನು ಪಂಪು ಹಚ್ಚಿದರೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮ, ಯಾರೋ ಹೊಲಿಗೆ ಮೆಷಿನ್ ತುಳಿಯುತ್ತಿದ್ದಾರೆ ಎಂದುಕೊಂಡು ಏಳುತ್ತಿದ್ದರು.

ತೊಂದರೆಯನ್ನು ತಂದದ್ದು ಬಾಟಲಿಯ ಮೇಲಿನ ಗೆರೆಗಳು. ಮಗು ಕುಡಿಯುತ್ತಿದ್ದಷ್ಟು ದಿನ ಎಡಕ್ಕೂ ಬಲಕ್ಕೂ ನಡುವೆ ಇದ್ದ ಅಂತರ ಬರಿಯ ಅನಿಸಿಕೆಯಾಗಿತ್ತು. ಪಂಪು ಅದನ್ನು ಅಂಕಿಯಾಗಿಸಿತು. ನಾನೊಂದು ಪುಸ್ತಕ ಇಟ್ಟು ದಿನವೂ ಬರೆಯತೊಡಗಿದೆ: ಎಡ 30, ಬಲ 90, ಎಡ 28, ಬಲ 95. ಮನೆಯಲ್ಲಿ ಎಲ್ಲರೂ ಆ ಪುಸ್ತಕವನ್ನು ನೋಡುವಂತಾಯಿತು. ಅಮ್ಮ ಸಬ್ಬಸಿಗೆ ಸೊಪ್ಪಿನ ಪಲ್ಯವನ್ನೂ ಬೆಳ್ಳುಳ್ಳಿ ಸಾರನ್ನೂ ದುಪ್ಪಟ್ಟು ಮಾಡಿದರು. ಊಟದ ಮಟ್ಟಿಗೆ ನನಗದು ಸಂತೋಷವೇ, ಆದರೆ ತಿಂದದ್ದು ಹಾಲಾಗುವುದಿದ್ದರೆ ರಕ್ತದ ಮೂಲಕ ಎರಡೂ ಕಡೆಗೆ ಸಮನಾಗಿಯೇ ಹೋಗಬೇಕಲ್ಲವೇ. ಸಬ್ಬಸಿಗೆ ಸೊಪ್ಪಿಗೆ ಎಡಬಲಗಳ ಭೇದ ಹೇಗೆ ಗೊತ್ತಾಗಬೇಕು? ಪಾಂಡವಪುರದ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆ ಮಾತ್ರ ಪುಸ್ತಕವನ್ನು ನೋಡಿ ನಕ್ಕುಬಿಟ್ಟರು. ಮೂವತ್ತು ವರ್ಷ ಹಸು ಕಟ್ಟಿ ಡೇರಿಗೆ ಹಾಲು ಹಾಕಿದವರು ಅವರು. "ಹಸೀನ ನಾಕು ಮೊಲೇಲೂ ಒಂದೇ ಸಮ ಬತ್ತದೇನವ್ವ? ಹಿಂದ್ಲವು ಎಲ್ಡೂ ಯಾವಾಗ್ಲೂ ವಸಿ ಹೆಚ್ಗೇನೆ ಕೊಡೋದು" ಎಂದರು. ನನ್ನನ್ನು ಹಸುವಿಗೆ ಹೋಲಿಸಿದ್ದಕ್ಕೆ ಆ ಕ್ಷಣಕ್ಕೆ ಮುನಿಸು ಬಂದದ್ದು ನಿಜ. ಹಸುವಿನ ಹಿಂದಿನ ಎರಡು ಕೆಚ್ಚಲು ಭಾಗಗಳು ಮುಂದಿನವಕ್ಕಿಂತ ಹೆಚ್ಚು ಹಾಲು ಕೊಡುವುದೂ ನಿಜ.

ಅತ್ತೆಯ ಮಾತಿಗೆ ಮನುಷ್ಯರ ಕಡೆಯಿಂದಲೂ ಆಧಾರವಿದೆ. ಮೇಲೆ ಹೇಳಿದ 788 ಗ್ರಾಂ ಲೆಕ್ಕ ಪಶ್ಚಿಮ ಆಸ್ಟ್ರೇಲಿಯಾದ ಸಂಶೋಧಕರು 71 ತಾಯಿ-ಮಕ್ಕಳ ಜೋಡಿಗಳನ್ನು ಹಗಲು ರಾತ್ರಿ ತೂಗಿ ನೋಡಿ 2006ರಲ್ಲಿ ಪ್ರಕಟಿಸಿದ್ದು. ದಿನಕ್ಕೆ 478 ಗ್ರಾಂ ಕುಡಿದು ಬೆಳೆದ ಮಗುವೂ ಅದರಲ್ಲಿತ್ತು, 1,356 ಗ್ರಾಂ ಕುಡಿದದ್ದೂ ಇತ್ತು. ಎಡ ಮತ್ತು ಬಲ ಎದೆಗಳು ಒಂದೇ ಪ್ರಮಾಣದ ಹಾಲು ಕೊಡುವುದು ಅಪರೂಪ ಎಂಬುದನ್ನೂ, ಮಕ್ಕಳು ಒಂದು ಸಲಕ್ಕೆ ಎದೆಯಲ್ಲಿರುವ ಹಾಲಿನ ಸರಾಸರಿ ಶೇಕಡಾ 67ರಷ್ಟನ್ನೇ ಕುಡಿದು ಉಳಿದದ್ದನ್ನು ಬಿಡುತ್ತವೆ ಎಂಬುದನ್ನೂ ಅದೇ ಅಧ್ಯಯನ ಹೇಳುತ್ತದೆ. ಕಾರಣ ಹೀಗಿದೆ. ಹಾಲನ್ನು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಮತ್ತು ಹಾಲನ್ನು ಇಳಿಸುವ ಆಕ್ಸಿಟೋಸಿನ್ ಎಂಬ ಎರಡೂ ಹಾರ್ಮೋನುಗಳು ರಕ್ತದಲ್ಲಿ ಹರಿದು ಎರಡು ಎದೆಗಳಿಗೂ ಒಟ್ಟಿಗೆ ತಲಪುತ್ತವೆ; ಮಗು ಒಂದು ಕಡೆ ಕುಡಿಯುವಾಗ ಇನ್ನೊಂದು ಕಡೆ ರವಿಕೆ ಒದ್ದೆಯಾಗುವುದು ಇದರಿಂದಲೇ. ಆದರೆ ಹಾಲು ಬಂದು ನೆಲೆಸಿದ ಮೇಲೆ ಎಷ್ಟು ಉತ್ಪಾದಿಸಬೇಕೆಂಬುದನ್ನು ಪ್ರತಿ ಎದೆಯೂ ತನ್ನಷ್ಟಕ್ಕೆ ನಿರ್ಧರಿಸುತ್ತದೆ. ಖಾಲಿಯಾದ ಎದೆ ಬೇಗ ತುಂಬುತ್ತದೆ, ಹಾಲು ಉಳಿದುಕೊಂಡ ಎದೆ ಉತ್ಪಾದನೆಯನ್ನು ತಗ್ಗಿಸುತ್ತದೆ. ಹಾಲುಗ್ರಂಥಿಗಳ ಮೊತ್ತವೂ ಎರಡು ಕಡೆ ಒಂದೇ ಇರುವುದಿಲ್ಲ. ಹೀಗಾಗಿ ಒಂದು ಕಡೆಗೆ ಸ್ವಲ್ಪ ಕಡಿಮೆ ಹುಟ್ಟು, ಅದರ ಮೇಲೆ ಸ್ವಲ್ಪ ಕಡಿಮೆ ಬಳಕೆ ಸೇರಿದರೆ ಅಂತರ ತಾನಾಗಿ ಬೆಳೆಯುತ್ತದೆ.

ಇಷ್ಟೆಲ್ಲ ತಿಳಿದದ್ದು ಸಲಹೆಗಾರ್ತಿ ಬಂದ ಮೇಲೆ. ಹೆರಿಗೆ ಮಾಡಿಸಿದ ವೈದ್ಯೆಯ ಮೂಲಕ ಗೊತ್ತಾದ ಅವರು ಒಂದು ಭೇಟಿಗೆ 1,200 ರೂಪಾಯಿ ತೆಗೆದುಕೊಂಡು ಒಂದೂಕಾಲು ಗಂಟೆ ಕುಳಿತರು. ಮೂರು ತಿಂಗಳಲ್ಲಿ ನಾನು ಮಾಡಿದ ಖರ್ಚಿನಲ್ಲಿ ಅತ್ಯಂತ ಸಾರ್ಥಕವಾದದ್ದು ಇದೇ. ಮೊದಲು ಪುಸ್ತಕವನ್ನು ಮುಚ್ಚಿಸಿ ಮಗುವಿನ ತಾಯಿ ಕಾರ್ಡನ್ನು ಕೇಳಿದರು. ಹುಟ್ಟಿದಾಗ 2.9 ಕಿಲೋ ಇದ್ದವಳು ಅಂಗನವಾಡಿಯ ತಕ್ಕಡಿಯಲ್ಲಿ ಆಗ 6.3 ಕಿಲೋ ತೂಗುತ್ತಿದ್ದಳು. ದಿನಕ್ಕೆ ಆರೇಳು ಸಲ ಚೆನ್ನಾಗಿ ಮೂತ್ರ ಮಾಡುತ್ತಿದ್ದಳು. ಹಾಲು ಸಾಲುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಈ ಎರಡರಲ್ಲಿ ಇದೆಯೇ ಹೊರತು ಬಾಟಲಿಯ ಗೆರೆಯಲ್ಲಿಲ್ಲ ಎಂದು ನೇರವಾಗಿ ಹೇಳಿದರು. ಪಂಪಿಗೆ ಬರುವ ಹಾಲು ಪಂಪಿಗೆ ಬರುವಷ್ಟು ಮಾತ್ರ. ಚೆನ್ನಾಗಿ ಬಾಯಿ ಹಿಡಿಯುವ ಮಗು ಅದಕ್ಕಿಂತ ಹೆಚ್ಚು ತೆಗೆಯಬಲ್ಲುದು. ಅವಳಿ ಮಕ್ಕಳ ತಾಯಂದಿರಲ್ಲಿ ಎಷ್ಟೋ ಮಂದಿ ಒಂದೊಂದು ಮಗುವನ್ನು ಒಂದೊಂದೇ ಎದೆಯಿಂದ ಸಾಕುತ್ತಾರೆ ಎಂದೂ ಹೇಳಿದರು.

ಆಮೇಲೆ ಹಾಲೂಡಿಸುವುದನ್ನು ನೋಡಿದರು, ಕೇಳಿದ ಪ್ರಶ್ನೆಗಳು ಮಾತ್ರ ನಾನು ನಿರೀಕ್ಷಿಸಿದಂಥವಲ್ಲ. ಮಗು ಯಾವ ಕಡೆಗೆ ಕತ್ತು ಹೊರಳಿಸಿ ಮಲಗುತ್ತದೆ, ಕಿವಿಯನ್ನು ಮುಟ್ಟಿಕೊಳ್ಳುತ್ತದೆಯೇ, ಬಿಸಿಜಿ ಚುಚ್ಚಿದ ಜಾಗ ಊದಿಕೊಂಡಿತ್ತೇ? ಬಿಸಿಜಿ ಲಸಿಕೆ ಎಡ ತೋಳಿಗೆ ಕೊಡುವಂಥದ್ದು. ಮಡಿಲಲ್ಲಿ ಅಡ್ಡವಾಗಿ ಹಿಡಿದಾಗ ಮಗುವಿನ ಎಡ ತೋಳು ಅಡಿಗೆ ಬರುವುದು ಬಲ ಎದೆಯನ್ನು ಕುಡಿಯುವಾಗ, ಆದ್ದರಿಂದ ಆ ಕಾರಣ ನಮ್ಮ ವಿಷಯಕ್ಕೆ ಹೊಂದಲಿಲ್ಲ. ಕೊನೆಗೆ ಆಸ್ಪತ್ರೆಯ ದಿನಗಳನ್ನು ಕೇಳಿದರು. ಸಿಸೇರಿಯನ್ ಆದ ಮೇಲೆ ಮೂರು ದಿನ ನನ್ನ ಎಡಗೈಗೆ ಡ್ರಿಪ್ಪಿನ ಸೂಜಿ ಇತ್ತು. ಎಡ ಎದೆಗೆ ಹಿಡಿಯಬೇಕಾದರೆ ಮಗುವಿನ ತಲೆ ಎಡಗೈ ಮೇಲೆ ಬರಬೇಕು. ನೋವಿಗೆ ಹೆದರಿ ನಾನೂ, ನನ್ನ ಮುಖ ನೋಡಿ ದಾದಿಯೂ ಮಗುವನ್ನು ಬಲಗಡೆಗೇ ಹಾಕುತ್ತಿದ್ದೆವು. ಸೂಜಿ ಹೋಯಿತು, ರೂಢಿ ಉಳಿಯಿತು. ನಾಲ್ಕು ತಿಂಗಳ ನಂತರವೂ ಹಸಿದ ಮಗುವನ್ನು ಎತ್ತಿಕೊಂಡ ಕೂಡಲೇ ನನ್ನ ಕೈ ತಾನಾಗಿ ಬಲಕ್ಕೆ ತಿರುಗುತ್ತಿತ್ತು. ಮೊದಲ ಹಸಿವಿನ ಬಿರುಸೆಲ್ಲ ಬಲಕ್ಕೆ, ಹೊಟ್ಟೆ ತುಂಬಿದ ಮೇಲಿನ ತೂಕಡಿಕೆಯ ಚೀಪು ಎಡಕ್ಕೆ ಸಿಗುತ್ತಿತ್ತು.

ಹೊರಡುವ ಮೊದಲು ಅವರು ಪಂಪನ್ನು ಕೈಯಲ್ಲಿ ಹಿಡಿದು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ: ಎಡಗಡೆಯ ಆಲಿಕೆ, ಬಾಟಲಿಗಳನ್ನು ಯಾವತ್ತಾದರೂ ಬಲಗಡೆಗೆ ಹಾಕಿ ನೋಡಿದ್ದೀರಾ?

ನೋಡಿರಲಿಲ್ಲ. ಒಂದೇ ಜಾತಿಯ ಎರಡು ಭಾಗಗಳಿಗೆ ಎಡ-ಬಲ ಎಂದು ನಾನೇ ಗುರುತು ಹಾಕಿಕೊಂಡು, ದಿನವೂ ಅದದೇ ಕಡೆಗೆ ಬಳಸುತ್ತಿದ್ದೆ. ಮರುದಿನದಿಂದ ಮೂರು ದಿನ, ಅದೇ ನಸುಕಿನ ಹೊತ್ತಿಗೆ, ಅದೇ ಐದನೆಯ ಮಟ್ಟದಲ್ಲಿ, ಕೊಳವೆಯಿಂದ ಬಾಟಲಿಯವರೆಗೆ ಎಲ್ಲವನ್ನೂ ಅದಲುಬದಲು ಮಾಡಿ ತೆಗೆದೆ. ಹೊತ್ತು ಒಂದೇ ಆಗಿರಬೇಕಾದದ್ದು ಮುಖ್ಯ, ಏಕೆಂದರೆ ಬಹಳ ಮಂದಿಗೆ ಬೆಳಗಿನ ಹಾಲು ಸಂಜೆಯದಕ್ಕಿಂತ ಹೆಚ್ಚಿರುತ್ತದೆ. ಎಡ ಎದೆ ಸುಮಾರು 42 ಮಿ.ಲೀ. ಕೊಟ್ಟಿತು, ಬಲವು 65ಕ್ಕೆ ಇಳಿಯಿತು. ಎಡಕ್ಕೆಂದು ಗುರುತು ಹಾಕಿದ್ದ ಆ ಒಂದು ಜೋಡಣೆ ಯಾವ ಎದೆಗೆ ಹಾಕಿದರೂ ಹಾಲನ್ನು ಕಡಿಮೆಯೇ ತೆಗೆಯುತ್ತಿತ್ತು. ಎರಡು ವಾಲ್ವುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಾತುಕೋಳಿಯ ಕೊಕ್ಕಿನಂತಿರುವ ಈ ಪುಟ್ಟ ಸಿಲಿಕೋನ್ ವಾಲ್ವಿನ ತುದಿಯಲ್ಲಿ ಒಂದು ಸೀಳು ಇರುತ್ತದೆ. ಪಂಪು ಎಳೆಯುವಾಗ ಅದು ಬಿಗಿಯಾಗಿ ಮುಚ್ಚಿಕೊಂಡು, ಬಿಟ್ಟಾಗ ತೆರೆದು ಹಾಲನ್ನು ಬಾಟಲಿಗೆ ಬೀಳಿಸಬೇಕು. ಒಂದರ ಸೀಳು ಕೂದಲೆಳೆಯಂತೆ ಮುಚ್ಚಿತ್ತು. ಇನ್ನೊಂದರದು ಅರೆತೆರೆದ ಬಾಯಿಯಂತೆ ಬಿಟ್ಟುಕೊಂಡಿದ್ದು ಬಣ್ಣವೂ ಮಾಸಿತ್ತು. ಅದು ಹನ್ನೆರಡು ದಿನದ ಬಳಕೆಗೆ ಆಗುವ ಸವೆತವಲ್ಲ. ಸೋರುವ ವಾಲ್ವಿನ ಕಡೆ ಮೋಟಾರು ಎಷ್ಟು ಎಳೆದರೂ ಗಾಳಿ ಒಳಗೆ ನುಗ್ಗಿ ಬಲವೆಲ್ಲ ಪೋಲಾಗುತ್ತದೆ, ಸದ್ದಿನಲ್ಲಿ ಮಾತ್ರ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ.

ಬಾಡಿಗೆಗೆ ತಂದವರು ಮೊದಲ ದಿನವೇ ಮಾಡಬೇಕಾದ ಪರೀಕ್ಷೆ ಈ ಅದಲುಬದಲು. ಅದಕ್ಕೂ ಸುಲಭವಾದದ್ದೊಂದಿದೆ: ಆಲಿಕೆಯ ಬಾಯನ್ನು ಅಂಗೈಗೆ ಒತ್ತಿ ಪಂಪು ಹಚ್ಚಿದರೆ ಎರಡೂ ಕಡೆಯ ಎಳೆತ ಅಂಗೈಗೇ ಗೊತ್ತಾಗುತ್ತದೆ. ಮೂವತ್ತು ಸೆಕೆಂಡಿನ ಈ ಕೆಲಸವನ್ನು ಅಂಗಡಿಯವರು ತಮ್ಮ ಮೇಜಿನ ಮೇಲೇ ಮಾಡಿ ತೋರಿಸಬಹುದಿತ್ತು.

ಆಲಿಕೆಯ ಅಳತೆಯ ಕಥೆ ಇನ್ನೂ ಸೂಕ್ಷ್ಮವಾದದ್ದು. ಅಂಗಡಿಯವರು ಫ್ಲೇಂಜ್ ಎನ್ನುವ ಈ ಆಲಿಕೆ ಎಲ್ಲರಿಗೂ 24 ಮಿ.ಮೀ. ಅಳತೆಯದೇ ಬರುತ್ತದೆ, ಎಲ್ಲರಿಗೂ ಅದೇ ಸರಿ ಎಂಬಂತೆ. ತೊಟ್ಟಿನ ಬುಡದ ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ ಅಳೆದು, ಅದಕ್ಕಿಂತ ಎರಡರಿಂದ ನಾಲ್ಕು ಮಿ.ಮೀ. ದೊಡ್ಡ ಆಲಿಕೆಯನ್ನು ಆರಿಸಬೇಕೆಂಬುದು ಸಾಮಾನ್ಯ ರೂಢಿ. ಮಗಳ ತೊಟ್ಟಿಲಿನ ಪಕ್ಕದಲ್ಲಿ ಕುಳಿತು ಶಾಲೆಯ ಸ್ಕೇಲಿನಿಂದ ಅಳೆದೆ: ಬಲ 20 ಮಿ.ಮೀ., ಎಡ 17 ಮಿ.ಮೀ. ಎರಡು ಕಡೆ ಬೇರೆಬೇರೆ ಇರಬಹುದೆಂಬುದೇ ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಬಲಕ್ಕೆ 24 ಸರಿಯಾಗಿತ್ತು. ಎಡಕ್ಕೆ ಅದು ದೊಡ್ಡದಾಗಿ, ತೊಟ್ಟಿನ ಜೊತೆಗೆ ಸುತ್ತಲಿನ ಕಪ್ಪು ಭಾಗವೂ ಕೊಳವೆಯೊಳಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಪ್ರತಿ ಸಲವೂ ಎಡಕ್ಕೆ ಮಾತ್ರ ಉಂಗುರದಂತೆ ಕೆಂಪು ಗುರುತು ಬೀಳುತ್ತಿದ್ದುದು ಏಕೆಂದು ಆಗ ತಿಳಿಯಿತು. ದೊಡ್ಡ ಆಲಿಕೆಯೊಳಗೆ ಕೂರಿಸಿ ಅಳತೆಯನ್ನು ಕಿರಿದು ಮಾಡುವ ಸಿಲಿಕೋನ್ ಬಳೆಗಳು ಸಿಗುತ್ತವೆ. 21 ಮಿ.ಮೀ. ಬಳೆ ಅಂಗಡಿಯಲ್ಲಿರಲಿಲ್ಲ, 280 ರೂಪಾಯಿಗೆ ಬೇರೆ ಕಡೆಯಿಂದ ತರಿಸಿಕೊಂಡೆ.

ಸವೆದ ವಾಲ್ವನ್ನು ಅಂಗಡಿಗೆ ಕೊಂಡೊಯ್ದಾಗ ಮೊದಲ ಉತ್ತರ, ನಾನು ಬ್ರಷ್ ಹಾಕಿ ಉಜ್ಜಿರಬೇಕು ಎಂಬುದಾಗಿತ್ತು. ಬ್ರಷ್ ಹಾಕಿದರೆ ಸೀಳು ಅಗಲವಾಗುವುದು ಸುಳ್ಳಲ್ಲ, ಆದರೆ ಹಾಗಾದರೆ ಎರಡೂ ಹಾಳಾಗಬೇಕಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಒಳಗಿನಿಂದ ಬಂದ ಹಿರಿಯರೊಬ್ಬರು ಯಾವ ವಾದಕ್ಕೂ ಇಳಿಯದೆ ಹೊಸ ವಾಲ್ವುಗಳ ಮುಚ್ಚಿದ ಪೊಟ್ಟಣವನ್ನು ಹಣ ಪಡೆಯದೆ ಕೊಟ್ಟರು. ತಪ್ಪಾಯಿತೆಂದು ಹೇಳಲಿಲ್ಲ, ಕೊಟ್ಟದ್ದಕ್ಕೆ ನಾನೂ ಅದನ್ನು ಕೇಳಲಿಲ್ಲ. ಬೇರೊಬ್ಬರು ಬಳಸಿದ ವಾಲ್ವು ನನ್ನ ಮಗುವಿನ ಹಾಲಿಗೆ ತಾಗಿತ್ತೆಂಬ ಕಸಿವಿಸಿ ಮಾತ್ರ ಬಹಳ ದಿನ ಉಳಿಯಿತು, ಬಳಕೆಗೆ ಮೊದಲು ಎಲ್ಲವನ್ನೂ ಕುದಿಸಿದ್ದೆನೆಂಬುದೊಂದೇ ಸಮಾಧಾನ.

ಹೊಸ ವಾಲ್ವು ಹಾಕಿದ ಮೇಲೆ ಎಡ 42, ಬಲ 90. ಬಳೆ ಬಂದ ಮೇಲೆ ಎಡ 52. ಇದಿಷ್ಟು ಯಂತ್ರ ನುಂಗಿದ್ದು. ಉಳಿದ ಅಂತರಕ್ಕೆ ಸಲಹೆಗಾರ್ತಿ ಹೇಳಿದ್ದನ್ನು ಮೂರು ವಾರ ಮಾಡಿದೆ. ಹಗಲಿನ ಹೆಚ್ಚಿನ ಊಡಿಕೆಗಳನ್ನು ಎಡದಿಂದ ಆರಂಭಿಸಿದೆ. ಮಡಿಲಲ್ಲಿ ಅಡ್ಡ ಹಿಡಿಯುವ ಬದಲು, ಕೊಡವನ್ನು ಕಂಕುಳಿಗೆ ಅವಚಿಕೊಂಡಂತೆ ಮಗುವನ್ನು ತೋಳಿನಡಿಗೆ ತಂದು ಕಾಲುಗಳು ಬೆನ್ನ ಕಡೆಗೆ ಬರುವಂತೆ ಹಿಡಿಯುವುದನ್ನು ಕಲಿತೆ. ಎಡಕ್ಕೆ ಗೊಣಗುತ್ತಿದ್ದ ಮಗಳು ಹಾಗೆ ಹಿಡಿದರೆ ತಕರಾರಿಲ್ಲದೆ ಕುಡಿಯುತ್ತಿದ್ದಳು. ಪಂಪು ನಡೆಯುತ್ತಿರುವಾಗಲೇ ಬೆಚ್ಚನೆಯ ಬಟ್ಟೆಯಿಂದ ಕಾವು ಕೊಟ್ಟು ಕೈಯಿಂದ ಎದೆಯನ್ನು ಮೆಲ್ಲಗೆ ಒತ್ತುವುದರಿಂದಲೂ ಲಾಭವಾಯಿತು. ಬೆಳಗಿನ ಪಂಪು ಮುಗಿದ ಮೇಲೆ ಎಡಕ್ಕೆ ಮಾತ್ರ ಹತ್ತು ನಿಮಿಷ ಹೆಚ್ಚು. ಆ ಹತ್ತು ನಿಮಿಷದಲ್ಲಿ ಮೊದಲ ವಾರ ಹನಿ ಬೀಳುವುದನ್ನು ನೋಡುತ್ತ ಕೂರುವುದೇ ಕೆಲಸವಾಗಿತ್ತು. ಹಾಲು ಬರದಿದ್ದರೂ ಖಾಲಿಯಾಗಿದೆ ಎಂಬ ಸುದ್ದಿ ಎದೆಗೆ ಮುಟ್ಟುತ್ತದೆ ಎಂದಿದ್ದರು. ಮೂರನೆಯ ವಾರದ ಹೊತ್ತಿಗೆ ಎಡ 62ರ ಆಸುಪಾಸಿನಲ್ಲಿ ನಿಂತಿತು. ಅಲ್ಲಿಂದ ಮೇಲಕ್ಕೆ ಏರಲೇ ಇಲ್ಲ, ನಾನೂ ಏರಿಸಲು ಹೋಗಲಿಲ್ಲ. ಎಡಕ್ಕೆ ಗಮನ ಕೊಡುವ ಭರದಲ್ಲಿ ಬಲವನ್ನು ಕಡೆಗಣಿಸಿ ಒಂದು ರಾತ್ರಿ ಹಾಲು ಕಟ್ಟಿಕೊಂಡು ಕಲ್ಲಿನಂತಾದ ಅನುಭವವೂ ಆಯಿತು. ಹೆಚ್ಚು ಕೊಡುವ ಕಡೆಯನ್ನು ತುಂಬಿದಂತೆಯೇ ಬಿಟ್ಟು ಅಂತರವನ್ನು ಕಡಿಮೆ ಮಾಡಬಹುದೆಂದು ಯಾರಾದರೂ ಹೇಳಿದರೆ ಕೇಳಬಾರದು.

ಯಂತ್ರದ ಉಳಿದ ಕುಂದುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬಳಕೆಯ ಕೈಪಿಡಿ ಇಂಗ್ಲಿಷ್ ಮತ್ತು ಚೀನೀ ಭಾಷೆಗಳಲ್ಲಿದೆ. ಮೈಸೂರಿನಲ್ಲಿ ಬಾಡಿಗೆಗೆ ಕೊಡುವವರು ಕನ್ನಡದಲ್ಲಿ ಒಂದು ಹಾಳೆಯನ್ನಾದರೂ ಅಚ್ಚು ಹಾಕಿಸಿಡಬಹುದು. ಬಾಟಲಿಯ ಗೆರೆಗಳು ಹತ್ತು ಮಿ.ಲೀ.ಗೆ ಒಂದರಂತೆ ಇದ್ದು ನೊರೆ ಇರುವಾಗ ಐದಾರು ಮಿ.ಲೀ. ಆಚೀಚೆ ಕಾಣುತ್ತದೆ, ಆದ್ದರಿಂದ ಮೇಲಿನ ನನ್ನ ಅಂಕಿಗಳನ್ನೂ ಹಾಗೆಯೇ ಓದಿಕೊಳ್ಳಬೇಕು. ತೊಳೆಯಬೇಕಾದ ತುಣುಕುಗಳು ಒಟ್ಟು ಹನ್ನೆರಡು.

ಕೆಲಸದ ಕಡೆ ಪಂಪು ತನ್ನ ಬಾಡಿಗೆಯನ್ನು ತೀರಿಸಿತೆಂದೇ ಹೇಳಬೇಕು. ಕಾಲೇಜಿನಲ್ಲಿ ಇದಕ್ಕೆಂದು ಕೋಣೆಯೇನೂ ಇಲ್ಲ. ಗ್ರಂಥಪಾಲಕಿಯವರು ಹಳೆಯ ನಿಯತಕಾಲಿಕೆಗಳನ್ನು ಜೋಡಿಸಿಟ್ಟಿರುವ ಒಳಕೋಣೆಯ ಬೀಗದ ಕೈಯನ್ನು ನನಗೆ ಕೊಟ್ಟುಬಿಟ್ಟರು. ಹನ್ನೊಂದಕ್ಕೂ ಎರಡೂವರೆಗೂ ಅಲ್ಲಿ ಕುಳಿತು ತೆಗೆಯುತ್ತಿದ್ದೆ. ತೆಗೆದ ಹಾಲು 25 ಡಿಗ್ರಿಯವರೆಗಿನ ತಾಪದಲ್ಲಿ ನಾಲ್ಕು ಗಂಟೆ ಇರುತ್ತದೆ, ಫ್ರಿಜ್ಜಿನಲ್ಲಿ ನಾಲ್ಕು ದಿನ. ಏಪ್ರಿಲ್ ತಿಂಗಳ ಮಂಡ್ಯದಲ್ಲಿ 25 ಡಿಗ್ರಿಯನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ಬಾಟಲಿಗಳು ಕೂಡಲೇ ಅಧ್ಯಾಪಕರ ಕೊಠಡಿಯ ಫ್ರಿಜ್ಜಿಗೆ, ಸಂಜೆಯ ರೈಲಿನಲ್ಲಿ ಮಂಜುಗಡ್ಡೆಯ ಪೊಟ್ಟಣವಿಟ್ಟ ಚೀಲಕ್ಕೆ ಹೋಗುತ್ತಿದ್ದವು. ಎಡದ ಹಾಲನ್ನೂ ಬಲದ ಹಾಲನ್ನೂ ತಣಿಸಿದ ಮೇಲೆ ಒಂದೇ ಬಾಟಲಿಗೆ ಸುರಿಯತೊಡಗಿದ ದಿನದಿಂದ ಪುಸ್ತಕದಲ್ಲಿ ಎರಡು ಕಾಲಂ ಬರೆಯುವುದನ್ನು ನಿಲ್ಲಿಸಿದೆ. ಮನೆಯಲ್ಲಿ ಅಮ್ಮ ಅದನ್ನು ನಾನು ಕುಡಿದು ಬೆಳೆದ ಬೆಳ್ಳಿಯ ಒಳಲೆಯಲ್ಲೇ ಕುಡಿಸುತ್ತಿದ್ದರು, ದಿನಕ್ಕೆ 280ರಿಂದ 320 ಮಿ.ಲೀ.; ಗೋಡೆಗೆ ಅಂಟಿಸಿದ ಲೆಕ್ಕ ತಪ್ಪಿರಲಿಲ್ಲ.

ಪಂಪಿನ ಮೇಲೂ ರೂಢಿಯ ಮೇಲೂ ಹಾಕಲಾಗದ ಅಂತರಗಳೂ ಇವೆ ಎಂಬ ಎಚ್ಚರಿಕೆಯನ್ನು ಸಲಹೆಗಾರ್ತಿ ಒತ್ತಿ ಹೇಳಿದ್ದರು. ಮೊದಲಿನಿಂದ ಇರುವ ಏರುಪೇರು ಒಂದು ಬಗೆ. ಚೆನ್ನಾಗಿ ಕೊಡುತ್ತಿದ್ದ ಎದೆ ಇದ್ದಕ್ಕಿದ್ದಂತೆ ಕಡಿಮೆಯಾಗುವುದು, ಇಲ್ಲವೇ ಮಗು ಒಂದು ಕಡೆಯನ್ನು ಹಠಾತ್ತಾಗಿ ಒಲ್ಲೆ ಎನ್ನುವುದು ಇನ್ನೊಂದು ಬಗೆ. ಎದೆ ಕೆಂಪಾಗಿ ಜ್ವರ ಬಂದರೆ ಅದು ಸೋಂಕಿರಬಹುದು, ಆಗ ಹಾಲಿನಲ್ಲಿ ಉಪ್ಪಿನಂಶ ಹೆಚ್ಚಿ ಮಗುವಿಗೆ ರುಚಿಸದೆಯೂ ಹೋಗಬಹುದು. ಹಾಲು ಖಾಲಿಯಾದರೂ ಕರಗದ ಗಂಟು, ತೊಟ್ಟು ಹೊಸದಾಗಿ ಒಳಸರಿಯುವುದು, ರಕ್ತ ಕಾಣುವುದು ಇವುಗಳಲ್ಲಿ ಯಾವುದಿದ್ದರೂ ಪಂಪನ್ನು ಪಕ್ಕಕ್ಕಿಟ್ಟು ವೈದ್ಯರನ್ನು ಕಾಣಬೇಕು. ಚೆಲುವಾಂಬ ಆಸ್ಪತ್ರೆಯಂಥ ಸರ್ಕಾರಿ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆ ಇರುವ ಊರಿನಲ್ಲಿ ಖರ್ಚಿಗೆ ಹೆದರಿ ಅದನ್ನು ಮುಂದೂಡಬೇಕಾಗಿಲ್ಲ.

ಮಗಳು ರಾಗಿ ಸರಿ ತಿನ್ನತೊಡಗಿ, ಹಗಲಿನ ಹಾಲು ಅರ್ಧಕ್ಕಿಳಿದ ಮೇಲೆ, ಜೂನ್ ಮೊದಲ ವಾರದಲ್ಲಿ ಮೋಟಾರನ್ನು ಹಿಂದಿರುಗಿಸಿದೆ. ವೈರು ಸ್ವಲ್ಪ ಸುಕ್ಕುಗಟ್ಟಿದೆ ಎಂದು ಠೇವಣಿಯಲ್ಲಿ 350 ರೂಪಾಯಿ ಹಿಡಿದುಕೊಂಡರು. ಉಳಿದ 4,650 ರೂಪಾಯಿ ಒಂಬತ್ತು ದಿನಗಳ ನಂತರ ಖಾತೆಗೆ ಬಂತು. ಕಿಟ್ಟನ್ನೂ ಅಲ್ಲೇ ಬಿಟ್ಟುಹೋಗಬಹುದೆಂದು ಅಂಗಡಿಯ ಹುಡುಗ ಕೈಚಾಚಿದ. ಬಿಡಲಿಲ್ಲ, ಎರಡು ವಾಲ್ವುಗಳನ್ನೂ ಅವನೆದುರಿಗೇ ಕತ್ತರಿಯಿಂದ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ ಬಂದೆ.